ಎದುರಿನವರ ಮಾತು ಮೊದಲು

ವಕೀಲರ ಮನೆಯಲ್ಲಿ ಜಗಳ ಆಡಬಾರದು ಅಂತ ಯಾರೂ ಹೇಳಿರಲಿಲ್ಲ. ಆಡುವುದಕ್ಕೆ ಒಂದು ಕ್ರಮ ಇತ್ತು, ಅಷ್ಟೇ.

ಆ ಕ್ರಮ ಶುರುವಾಗಿದ್ದು ಮನೆಯ ಮುಂದಿನ ಕೋಣೆಯಲ್ಲಿ, ಅಂದರೆ ವಕೀಲರ ಆಫೀಸಿನಲ್ಲಿ. ಕಕ್ಷಿದಾರರು ಕುರ್ಚಿ ಎಳೆದುಕೊಂಡು ಕೂತು, "ಸಾರ್, ನನ್ನ ತಮ್ಮ ಎಂಥವನು ಅಂದ್ರೆ..." ಅಂತ ಬಾಯಿ ತೆರೆದರೆ ಸಾಕು, ವಕೀಲರು ಕೈ ಎತ್ತಿ ತಡೆಯುತ್ತಿದ್ದರು.

"ನಿಮ್ಮದು ಆಮೇಲೆ. ಇದೇ ಕುರ್ಚೀಲಿ ನಿಮ್ಮ ತಮ್ಮ ಬಂದು ಕೂತಿದ್ರೆ ಏನು ಹೇಳ್ತಿದ್ದ? ಮೊದಲು ಅದು ಹೇಳಿ."

ಕೆಲವರು ಸಿಟ್ಟಾಗಿ ಎದ್ದು ಎದುರು ಸಾಲಿನ ಇನ್ನೊಬ್ಬ ವಕೀಲರ ಹತ್ತಿರ ಹೋಗುತ್ತಿದ್ದರು. ಕೆಲವರು ತಮ್ಮನ ಪರವಾಗಿ ಹೇಳಲು ಶುರುಮಾಡಿ, ಅರ್ಧಕ್ಕೆ ಬರುವಷ್ಟರಲ್ಲಿ ದನಿ ಇಳಿಸಿ, ಕುಡಿಯಲು ನೀರು ಕೇಳುತ್ತಿದ್ದರು. ಹಾಗೆ ನೀರು ಕೇಳಿದವರಲ್ಲಿ ಎಷ್ಟೋ ಜನ ಕೇಸು ಹಾಕದೆಯೇ ಮನೆಗೆ ಹೋದದ್ದುಂಟು.

"ಬಂದ ಗಿರಾಕೀನ ನೀರು ಕುಡಿಸಿ ವಾಪಸ್ ಕಳಿಸೋ ಅಂಗಡಿ ಈ ಊರಲ್ಲಿ ಇದೊಂದೇ" ಅನ್ನುತ್ತಿದ್ದಳು ಹೆಂಡತಿ. ಅವಳದು ಬೀದಿ ತಿರುವಿನಲ್ಲಿ ಔಷಧಿ ಅಂಗಡಿ. ಅಲ್ಲಿ ಬಂದವರು ಬರಿಗೈಯಲ್ಲಿ ಹೋಗುತ್ತಿರಲಿಲ್ಲ.

ಆಫೀಸಿನ ಕ್ರಮ ಊಟದ ಮೇಜಿಗೆ ಬಂದದ್ದು ಮಗಳು ಚಿಕ್ಕವಳಿದ್ದಾಗ. ಬದನೆಕಾಯಿ ತಿನ್ನಲ್ಲ ಅಂತ ಅವಳು ಹಟ ಹಿಡಿದಳು. ವಕೀಲರು, "ಸರಿ, ತಿನ್ನಬೇಡ. ಆದರೆ ಮೊದಲು ಅಮ್ಮನ ಪರವಾಗಿ ಹೇಳು" ಅಂದರು. ಮಗಳು ಕುರ್ಚಿಯ ಮೇಲೆ ನಿಂತು, ಅಮ್ಮ ಬಿಸಿಲಲ್ಲಿ ಹೋಗಿ ತಂದಿದ್ದನ್ನೂ, ಒಂದೊಂದನ್ನೂ ಹುಳುಕು ನೋಡಿ ಹೆಚ್ಚಿದ್ದನ್ನೂ, ಬೆರಳು ಕೊಯ್ದುಕೊಂಡಿದ್ದನ್ನೂ ಎಷ್ಟು ಚೆನ್ನಾಗಿ ಹೇಳಿದಳೆಂದರೆ, ಕೊನೆಗೆ ತಾನೇ ಅಳುತ್ತಾ ಬದನೆಕಾಯಿ ತಿಂದಳು. ಅವತ್ತಿನಿಂದ ಅವಳಿಗೆ ಜಡ್ಜಮ್ಮ ಅನ್ನೋ ಹೆಸರು. ಈಗ ಆಸ್ಪತ್ರೆಯಲ್ಲಿ ಮುದುಕರ ಮಂಡಿ ಬಗ್ಗಿಸುವ, ನೆಟ್ಟಗೆ ಮಾಡುವ ಕೆಲಸದಲ್ಲಿದ್ದಾಳೆ. ಮನೆಯಲ್ಲಿ ಜಗಳ ಬಂದರೆ ಮಾತ್ರ ಜಡ್ಜಮ್ಮನೇ. ಇಬ್ಬರೂ ಎದುರಿನವರ ಪರವಾಗಿ ವಾದ ಮಾಡಬೇಕು. ಯಾರ ವಾದ ಸಪ್ಪೆಯೋ ಅವರು ಅವತ್ತಿನ ಪಾತ್ರೆ ತೊಳೆಯಬೇಕು. ಮೇಲ್ಮನವಿ ಇಲ್ಲ.

ವಕೀಲರ ತಾಯಿ ಮಾತ್ರ ಇದರಲ್ಲಿ ಸೇರುತ್ತಿರಲಿಲ್ಲ. "ನನ್ನ ಮಾತು ಕೇಳೋಕೆ ಬೇರೆಯವನಿದ್ದಾನೆ" ಅಂತ ಸೂರಿನ ಕಡೆ ಬೆರಳು ತೋರಿಸುತ್ತಿದ್ದರು. ವಾರಕ್ಕೊಮ್ಮೆ ಮಗ ಅವರನ್ನು ಸ್ಕೂಟರಿನಲ್ಲಿ ಪ್ರಾರ್ಥನಾ ಮಂದಿರಕ್ಕೆ ಕರೆದುಕೊಂಡು ಹೋಗುತ್ತಿದ್ದರು. ವಕೀಲರಿಗೆ ದೇವರಲ್ಲಿ ನಂಬಿಕೆ ಇಲ್ಲ. ಹೊರಗಿನ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು. ಒಳಗೆ ಹೇಳಿ ಮುಗಿಸಿದ ಜನ ಹೊರಗೆ ಬಂದು, ಯಾವುದಕ್ಕೂ ಇರಲಿ ಅಂತ, ಇವರಿಗೂ ಒಂದು ಸಲ ತಮ್ಮ ಕಷ್ಟ ಹೇಳುತ್ತಿದ್ದರು. ಎಲ್ಲಿ ಯಾರು ಕಷ್ಟ ಹೇಳಲು ಬಂದರೂ ಇವರು ಬೇಡ ಅನ್ನುತ್ತಿರಲಿಲ್ಲ. ಅದಕ್ಕೇ ಮನೆಯಲ್ಲಿ ದಿನಾ ರಾತ್ರಿ ಊಟದ ಮೇಜಿನ ಮೇಲೆ ಮುಚ್ಚಳ ಮುಚ್ಚಿದ ತಟ್ಟೆ ಒಂದು ಇದ್ದೇ ಇರುತ್ತಿತ್ತು. ಎಲ್ಲರ ಊಟ ಮುಗಿದ ಮೇಲೆ ವಕೀಲರು ಬಂದು ಆ ಮುಚ್ಚಳ ತೆಗೆಯುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ನಗುಮುಖದಣ್ಣ ಬಂದ. ಪುರಸಭೆಯನ್ನು ಆಳುವ ಪಕ್ಷಕ್ಕೆ ಅವನೇ ಮುಖ್ಯಸ್ಥ. ಸಾವಿನ ಮನೆಗೆ ಹೋದಾಗಲೂ ಅವನ ಮುಖದಿಂದ ಆ ನಗು ಇಳಿಯುತ್ತಿರಲಿಲ್ಲವಾದ್ದರಿಂದ ಆ ಹೆಸರು.

"ವಕೀಲರೇ, ಈ ಸಲ ನಮ್ಮ ವಾರ್ಡಿಗೆ ನೀವೇ ನಿಲ್ಲಬೇಕು. ಟಿಕೆಟ್ಟು ನನ್ನ ಜೇಬಲ್ಲಿದೆ ಅಂತ ತಿಳ್ಕೊಳ್ಳಿ. ನಿಮ್ಮ ಹೆಸರು ಹೇಳಿದ್ರೆ ಸಾಕು, ಜನ ಕಣ್ಣು ಮುಚ್ಚಿ ಓಟು ಹಾಕ್ತಾರೆ."

"ಕಣ್ಣು ಬಿಟ್ಟು ಹಾಕೋರು ಯಾರೂ ಇಲ್ವಾ?" ಅಂದಳು ಹೆಂಡತಿ, ಟೀ ತಂದಿಡುತ್ತಾ.

"ಅಕ್ಕನ ಮಾತೇ ಮಾತು!" ಅಂತ ನಗುಮುಖದಣ್ಣ ಇನ್ನಷ್ಟು ನಕ್ಕ. "ಯೋಚನೆ ಮಾಡಿ. ಈ ತಿಂಗಳ ಕೊನೇಲಿ ಬರ್ತೀನಿ."

ಅವನು ಹೋದ ಮೇಲೆ ವಕೀಲರು ಬೀರುವಿನಿಂದ ತಮ್ಮ ಒಳ್ಳೆ ಕೋಟು ತೆಗೆದು ಬಿಸಿಲಿಗೆ ಹಾಕಿದರು. ಹೆಂಡತಿ ಅದನ್ನು ನೋಡಿದಳು.

"ಏನ್ರೀ, ಆಗಲೇ ಗೆದ್ದ ಹಾಗಿದೆ?"

"ಕೋಟಿಗೆ ಬಿಸಿಲು ಬೇಡ್ವಾ?"

"ಕೋಟಿಗೆ ಬೇಕು. ನಿಮ್ಮ ತಲೆಗೆ ಬೇಡ. ಈಗಲೇ ಮನೆ ಸಂತೆ ಆಗಿದೆ. ಬೆಳಿಗ್ಗೆ ಹಲ್ಲುಜ್ಜೋಕೆ ಹೋದ್ರೆ ಹಿತ್ತಲಲ್ಲೂ ಒಬ್ಬ ಕಕ್ಷಿದಾರ ನಿಂತಿರ್ತಾನೆ. ಇನ್ನು ಚುನಾವಣೆ, ಮೈಕು, ಬಾವುಟ! ಬೇಡ ಅಂದ್ರೆ ಬೇಡ."

"ಜೀವಮಾನವೆಲ್ಲ ಪುರಸಭೆ ಮೇಲೆ ಕೇಸು ಹಾಕಿದ್ದಾಯ್ತು ಕಣೇ. ಹೊರಗೆ ನಿಂತು ಬಾಗಿಲು ಬಡಿಯೋದಕ್ಕಿಂತ ಒಳಗೆ ಹೋಗಿ ಬಾಗಿಲು ತೆಗೆಯೋದು ಒಳ್ಳೇದಲ್ವಾ?"

"ಒಳಗೆ ಹೋದೋರು ಮೊದಲು ಚಿಲಕ ಹಾಕ್ಕೋತಾರೆ."

ಮಾತಿಗೆ ಮಾತು ಬೆಳೆಯಿತು. ಮಧ್ಯಾಹ್ನ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಉಂಡರು. "ಉಪ್ಪು ಬೇಕಂತೆ ಕೊಡು", "ನೀರು ಬೇಕಾ ಕೇಳು" ಅಂತ ಮಗಳ ಮೂಲಕ ವ್ಯವಹಾರ ನಡೆಯಿತು. ಅವಳಿಗೆ ಸಾಕಾಗಿ ಸೌಟಿನಿಂದ ಪಾತ್ರೆಯ ಅಂಚಿಗೆ ಬಡಿದಳು.

"ಬರೋ ಶನಿವಾರ ಕಲಾಪ. ಅಪ್ಪ ಯಾಕೆ ನಿಲ್ಲಬೇಕು ಅನ್ನೋದನ್ನ ಅಮ್ಮ ಹೇಳಬೇಕು. ಯಾಕೆ ನಿಲ್ಲಬಾರದು ಅನ್ನೋದನ್ನ ಅಪ್ಪ. ಅಲ್ಲೀವರೆಗೆ ಈ ಮಾತು ಎತ್ತಿದೋರಿಗೆ ಒಂದು ವಾರದ ಪಾತ್ರೆ."

ಹೆಂಡತಿ ಯಾವ ಕೆಲಸವನ್ನೂ ಅರೆಬರೆ ಮಾಡುವವಳಲ್ಲ. ಸೋಮವಾರ ಅಂಗಡಿ ತೆರೆದವಳೇ ಬಂದವರನ್ನೆಲ್ಲ ವಿಚಾರಿಸಲು ಶುರುಮಾಡಿದಳು. ಮಗುವಿನ ಜ್ವರಕ್ಕೆ ಔಷಧಿ ಕೇಳಲು ಬಿಸ್ಕೆಟ್ ಕಾರ್ಖಾನೆಯ ಹೆಂಗಸೊಬ್ಬಳು ಬಂದಳು.

"ಡಾಕ್ಟರ್ ಚೀಟಿ ಎಲ್ಲಿ? ಎಷ್ಟು ಸಲ ಹೇಳಬೇಕು ನಿಂಗೆ?"

"ಕಾರ್ಖಾನೆ ಬಿಟ್ಟು ಬರೋಷ್ಟರಲ್ಲಿ ಆರೋಗ್ಯ ಕೇಂದ್ರ ಬಾಗಿಲು ಹಾಕಿರುತ್ತೆ ಅಕ್ಕ. ನಾನೂ ಎಷ್ಟು ಸಲ ಹೇಳಲಿ?"

ಈ ಉತ್ತರವನ್ನು ಅವಳು ಮೊದಲೂ ಕೇಳಿದ್ದಳು. ಆಗೆಲ್ಲ ಬೈದು ಕಳಿಸಿದ್ದಳು. ಅವತ್ತು ಸ್ಟೂಲು ಎಳೆದು ಕೂರಿಸಿದಳು. "ಯಾವಾಗಿನಿಂದ ಹೀಗೆ? ಬೇರೆಯವರಿಗೂ ಹೀಗೇನಾ?" ಅಂತ ಕೇಳುತ್ತಾ ಹೋದಳು. ಅವತ್ತು ಸಂಜೆಯ ಹೊತ್ತಿಗೆ ಸ್ಟೂಲು ಸಾಲದೆ ಪಕ್ಕದ ಅಂಗಡಿಯಿಂದ ಬೆಂಚು ತರಬೇಕಾಯಿತು.

ವಕೀಲರು ತಯಾರಿ ಮಾಡಿದ್ದು ಅಡಿಗೆಮನೆಯಲ್ಲಿ. ಹೆಂಡತಿಯ ಪರ ವಾದಿಸಬೇಕಾದರೆ ಅವಳ ಬೆಳಗು ಹೇಗಿರುತ್ತದೆ ಅಂತ ನೋಡಬೇಕಲ್ಲ. "ಇವತ್ತು ನಾನೇ ಎಲ್ಲ ಮಾಡ್ತೀನಿ, ನೀನು ಕೂತಿರು" ಅಂದರು. ಹಾಲು ಉಕ್ಕಿ ಒಲೆ ಆರಿತು. ಪಲ್ಯದ ತಳ ಹಿಡಿಯಿತು. ಅಷ್ಟರಲ್ಲಿ ಮುಂದಿನ ಕೋಣೆಯಿಂದ, "ಸಾರ್, ಇನ್ನೂ ಇಬ್ಬರು ಬಂದಿದೀವಿ!" ಅಂತ ಕೂಗು ಬಂತು.

"ಬರೋಕೆ ಇವರಿಗೆ ಹೊತ್ತು ಗೊತ್ತಿಲ್ವಾ?" ಅಂತ ವಕೀಲರು ಸೌಟು ಎತ್ತಿದರು.

"ಅವರನ್ನ ಕೂರಿಸಿ ಟೀ ಕೇಳೋರು ದಿನಾ ನೀವೇ" ಅಂದಳು ಹೆಂಡತಿ, ಕೂತಲ್ಲಿಂದಲೇ.

ಅದೇ ವಾರ ತಾಯಿಯನ್ನು ಪ್ರಾರ್ಥನಾ ಮಂದಿರಕ್ಕೆ ಕರೆದುಕೊಂಡು ಹೋದವರು ಕಲ್ಲುಬೆಂಚಿನ ಮೇಲೆ ಕೂರಲಿಲ್ಲ. ಒಳಗೆ ಹೋಗಿ ಕೊನೆಯ ಸಾಲಿನಲ್ಲಿ ಕೂತರು. ಅಲ್ಲಿ ಯಾರೂ ಇವರ ಹತ್ತಿರ ಏನೂ ಕೇಳಲಿಲ್ಲ. ಹಾಗೆ ಸುಮ್ಮನೆ ಕೂತು ಎಷ್ಟೋ ಕಾಲವಾಗಿತ್ತು. ಸ್ವಲ್ಪ ಹೊತ್ತಿಗೆ ತೂಕಡಿಕೆ ಬಂತು. ತಾಯಿ ಬಂದು ಭುಜ ತಟ್ಟಿದಾಗಲೇ ಎಚ್ಚರ.

"ನಂಬಿಕೆ ಇಲ್ದೋರಿಗೂ ಇಲ್ಲಿ ನಿದ್ದೆ ಚೆನ್ನಾಗಿ ಬರುತ್ತೆ, ಅಲ್ವಾ?" ಅಂದರು ತಾಯಿ.

"ನೀನು ಇಷ್ಟು ವರ್ಷದಿಂದ ಅವನ ಹತ್ರ ಏನು ಕೇಳ್ತೀಯಮ್ಮ?"

"ಒಂದೇ ಒಂದು."

"ಏನದು?"

"ನಿನಗೆ ಹೇಳಲ್ಲ. ಹೇಳಿದ್ರೆ, ಮೊದಲು ದೇವರ ಪರ ವಾದ ಮಾಡು ಅಂತೀಯ."

ವಾಪಸ್ ಬರುವಾಗ ವಕೀಲರು ಹಳೇ ಮಾರುಕಟ್ಟೆಯ ಹತ್ತಿರ ಸ್ಕೂಟರ್ ನಿಲ್ಲಿಸಿದರು. ಮಾರುಕಟ್ಟೆಯ ಉದ್ದದ ಮೊಗಸಾಲೆಯಲ್ಲಿ ಟೈಲರುಗಳು ಮಿಷನ್ ಇಟ್ಟುಕೊಂಡು ಕೂರುತ್ತಿದ್ದರು. ಅವರನ್ನು ಎಬ್ಬಿಸಿ ಕಾರು ನಿಲ್ಲಿಸಲು ಜಾಗ ಮಾಡಬೇಕು ಅಂತ ಪುರಸಭೆ ಹೊರಟಿತ್ತು. ವಕೀಲರು ತಡೆಯಾಜ್ಞೆ ತಂದಿದ್ದರು. ಕೇಸು ಇನ್ನೂ ನಡೆಯುತ್ತಿತ್ತು. ಟೈಲರುಗಳ ಪೈಕಿ ಹಿರಿಯನಾದ ಕನ್ನಡಕದ ಟೈಲರ್ ಇವರನ್ನು ನೋಡಿ ಮಿಷನ್ ನಿಲ್ಲಿಸಿದ.

"ಸಾರ್, ನೀವು ಎಲೆಕ್ಷನ್‌ಗೆ ನಿಲ್ತೀರಂತೆ! ನಮಗಿನ್ನೇನು ಭಯ?"

"ಗೆದ್ದರೆ ನಾನು ಪುರಸಭೆಯವನಾಗ್ತೀನಪ್ಪ. ನಿಮ್ಮ ಕೇಸಲ್ಲಿ ಎದುರು ಪಾರ್ಟಿ ಯಾರು?"

"ಪುರಸಭೆ."

"ಮತ್ತೆ?"

ಟೈಲರ್ ಕನ್ನಡಕ ತೆಗೆದು ಬನಿಯನ್ನಿಗೆ ಒರೆಸಿಕೊಂಡ. "ಹಾಗಾದ್ರೆ ನಮ್ಮ ಕಡೆ ಯಾರು ನಿಲ್ತಾರೆ ಸಾರ್?"

ವಕೀಲರು ಸ್ಕೂಟರ್ ಶುರುಮಾಡಿದರು. 

ಶನಿವಾರ ಬಂತು. ಊಟ ಬಡಿಸಿ ಆದ ಮೇಲೆ ಜಡ್ಜಮ್ಮ ಸೌಟಿನಿಂದ ಮೇಜು ತಟ್ಟಿದಳು. ಹೆಂಡತಿ ಎದ್ದು ನಿಂತು ಸೆರಗು ಸರಿ ಮಾಡಿಕೊಂಡಳು.

"ನಾನೀಗ ವಕೀಲ" ಅಂದಳು. "ನಮ್ಮ ವಾರ್ಡಿನಲ್ಲಿ ಹೆಂಗಸರು ಕಾರ್ಖಾನೆ ಬಿಡೋದಕ್ಕೆ ಮೊದಲೇ ಆರೋಗ್ಯ ಕೇಂದ್ರ ಮುಚ್ಚುತ್ತೆ. ಆಮೇಲೆ ಅವರಿಗೆ ಬಸ್ಸೂ ಇಲ್ಲ, ನಡೆದು ಹೋಗ್ತಾರೆ. ಶಾಲೆ ಮುಂದಿನ ಚರಂಡಿ ದಾಟೋಕೆ ಮಕ್ಕಳು ಬೆಂಚಿನ ಹಲಗೆ ಹಾಕ್ಕೊಂಡಿದ್ದಾರೆ. ಇದನ್ನೆಲ್ಲ ನಾನು ಈ ವಾರ ಕೇಳಿದೆ. ಜನ ಹೇಳಿದ್ದು ಇಷ್ಟು ದಿನ ಯಾಕೆ ಯಾರಿಗೂ ಕೇಳಿಸಲಿಲ್ಲ? ಅವರು ಹೇಳೋಕೆ ಶುರುಮಾಡಿದ್ರೆ ಕೇಳೋರೆಲ್ಲ ತಮ್ಮದೇ ಹೇಳ್ತಾರೆ. ಎದುರಿನವರ ಮಾತು ಮೊದಲು ಕೇಳೋ ಮನುಷ್ಯ ಈ ಊರಲ್ಲಿ ನಾನೊಬ್ಬನೇ. ನನ್ನ ಹೆಂಡತಿಗೆ ಅದು ಗೊತ್ತು. ಗೊತ್ತಿದ್ದೂ ನನ್ನನ್ನ ಮನೇಲಿ ಕೂರಿಸಿಕೋಬೇಕು ಅನ್ನೋದು ಅವಳ ಸ್ವಾರ್ಥ."

ಅವಳು ಕೂತಳು. ಮಗಳು ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ವಕೀಲರು ಎದ್ದರು.

"ನಾನೀಗ ಹೆಂಡತಿ."

"ಸೆರಗು ಬೇಕಾ?" ಅಂದರು ತಾಯಿ. ಎಲ್ಲರೂ ನಕ್ಕರು.

"ಇವರು ಮುಂದಿನ ಕೋಣೆಯಿಂದ 'ಟೀ' ಅಂತ ಕೂಗಿದ್ರೆ ಟೀ ಬರುತ್ತೆ" ಅಂದರು ವಕೀಲರು. "ಎಲ್ಲಿಂದ ಬರುತ್ತೆ ಅಂತ ಇವರಿಗೆ ಗೊತ್ತಿಲ್ಲ. ಅಂಗಡಿಗೆ ಹೊರಟವಳು, ಹಾಕಿಕೊಂಡ ಚಪ್ಪಲಿ ಬಿಟ್ಟು, ಮತ್ತೆ ಒಳಗೆ ಬಂದು ಮಾಡಿದ ಟೀ ಅದು. ಇದು ಸಣ್ಣ ಮಾತು. ದೊಡ್ಡದು ಟೈಲರುಗಳದು. ಅವರ ಕೇಸು ಕೈಬಿಟ್ಟು, ಅವರನ್ನ ಎಬ್ಬಿಸೋರ ಪಕ್ಕದಲ್ಲೇ ಹೋಗಿ ಕೂತು, ನಾನು ಜನಸೇವೆ ಮಾಡ್ತೀನಿ ಅಂದ್ರೆ ಯಾವ ಜನ? ಇನ್ನೂ ಒಂದು ಇದೆ. ಕೋರ್ಟಲ್ಲಿ ಎದುರಿಗೆ ಒಬ್ಬ ನಿಂತಿರ್ತಾನೆ. ನಾನು ಒಂದು ಎಳೆ ಜಾಸ್ತಿ ಹೇಳಿದ್ರೂ ಎದ್ದು, 'ಅಲ್ಲ ಸ್ವಾಮಿ' ಅಂತಾನೆ. ವೇದಿಕೆ ಮೇಲೆ ನಿಂತ್ರೆ ಎದುರಿಗಿರೋರೆಲ್ಲ ಚಪ್ಪಾಳೆಯವರು. ಅಲ್ಲಿ ನಾನು ಎಷ್ಟು ದಿನ ಸರಿಯಾಗಿ ಇರ್ತೀನೋ ನನಗೇ ಗೊತ್ತಿಲ್ಲ."

"ಅಪ್ಪ, ನೀನೀಗ ಅಮ್ಮ ಅಲ್ವಾ?"

"ಹೌದಲ್ಲ. ಅಮ್ಮನಿಗೂ ಗೊತ್ತಿಲ್ಲ."

ಜಡ್ಜಮ್ಮನಿಗೆ ತೀರ್ಪು ಕೊಡಲಾಗಲಿಲ್ಲ. ಇಬ್ಬರ ವಾದವೂ ಸಪ್ಪೆ ಇರಲಿಲ್ಲ. ಹೀಗಾಗಿ ಪಾತ್ರೆ ಯಾರೂ ತೊಳೆಯದೆ ಹಾಗೇ ಉಳಿದವು.

ಬೆಳಿಗ್ಗೆ ಸಿಂಕಿನ ಮುಂದೆ ನಿಂತು ಹೆಂಡತಿ ಹೇಳಿದಳು, "ರೀ, ನಾನು ಯೋಚನೆ ಮಾಡಿದೆ. ನೀವು ನಿಲ್ಲಲೇಬೇಕು."

ವಕೀಲರು ಬಿಸಿಲಿಗೆ ಹಾಕಿದ್ದ ಕೋಟನ್ನು ಮತ್ತೆ ಬೀರುವಿಗೆ ಹಾಕಿ ಬರುತ್ತಿದ್ದರು. "ನಾನೂ ಯೋಚನೆ ಮಾಡಿದೆ. ನಾನು ನಿಲ್ಲಲ್ಲ."

"ಏನು? ನಾನು ಒಂದು ವಾರ ಬೆಂಚು ಹಾಕಿ ಎಲ್ಲರ ಕಷ್ಟ ಕೇಳಿದ್ದು ದಂಡಾನಾ? ಆ ಹೆಂಗಸರಿಗೆ ಏನು ಹೇಳಲಿ?"

"ನಾನು ಟೈಲರುಗಳಿಗೆ ಏನು ಹೇಳಲಿ?"

ಮೊದಲಿಗಿಂತ ದೊಡ್ಡ ಜಗಳ ಆಯಿತು. ಮಗಳು ತಲೆ ಬಾಚಿಕೊಳ್ಳುತ್ತಾ ಬಂದವಳು ಬಾಗಿಲಲ್ಲೇ ನಿಂತು, ಕೇಳಿ, ಅಲ್ಲೇ ಕುಕ್ಕರಿಸಿ ನಗತೊಡಗಿದಳು.

"ನಗಬೇಡ! ಇನ್ನೊಂದು ಸಲ ಕಲಾಪ ಇಡು" ಅಂದರು ವಕೀಲರು.

"ಇಟ್ರೆ ನೀನು ಮತ್ತೆ ನಿಲ್ತೀನಿ ಅಂತೀಯ, ಅಮ್ಮ ಬೇಡ ಅಂತಾಳೆ. ನನ್ನ ಕೈಲಾಗಲ್ಲಪ್ಪ. ನನಗೆ ಮುದುಕರ ಮಂಡಿನೇ ವಾಸಿ."

ಎರಡು ವಾರ ಹೀಗೇ ನಡೆಯಿತು. ಹೆಂಡತಿ ಪಲ್ಯ ಬಡಿಸುತ್ತಾ ಚರಂಡಿಯ ಮಾತು ಎತ್ತುತ್ತಿದ್ದಳು. ವಕೀಲರು ತುತ್ತು ಬಾಯಿಗಿಟ್ಟು ಟೈಲರುಗಳ ಮಾತು ಆಡುತ್ತಿದ್ದರು. ತಾಯಿ ಇಬ್ಬರ ತಟ್ಟೆಯನ್ನೂ ನೋಡುತ್ತಾ ತಮ್ಮ ಪಾಡಿಗೆ ಉಣ್ಣುತ್ತಿದ್ದರು. ವಿಚಿತ್ರವೆಂದರೆ, ಜಗಳ ಮುಂದುವರಿಸಬೇಕಲ್ಲ ಅಂತ ವಕೀಲರು ಊಟದ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಿದ್ದರು. ಮುಚ್ಚಳ ಮುಚ್ಚಿದ ತಟ್ಟೆ ಮೇಜಿನ ಮೇಲೆ ಕಾಣಿಸಲಿಲ್ಲ. ಇದನ್ನು ಗಮನಿಸಿದವರು ತಾಯಿ ಒಬ್ಬರೇ.

ತಿಂಗಳ ಕೊನೆಗೆ ನಗುಮುಖದಣ್ಣ ಬಂದ, ಊಟದ ಹೊತ್ತಿಗೇ ಬಂದ. "ಕೂತ್ಕೋಪ್ಪ" ಅಂದರು ತಾಯಿ. ಅವನೂ ಒಂದು ತಟ್ಟೆ ಎಳೆದುಕೊಂಡು ಚೆನ್ನಾಗಿಯೇ ಉಂಡ.

"ಏನು ತೀರ್ಮಾನ ಆಯ್ತು ವಕೀಲರೇ?"

"ಅವರು ನಿಲ್ತಾರೆ" ಅಂದಳು ಹೆಂಡತಿ.

"ನಾನು ನಿಲ್ಲಲ್ಲ" ಅಂದರು ವಕೀಲರು. "ಟೈಲರುಗಳ ಕೇಸು ಇದೆ."

"ಅಯ್ಯೋ, ಅಷ್ಟೇನಾ?" ನಗುಮುಖದಣ್ಣನ ನಗು ಅಗಲವಾಯಿತು. "ಅದೊಂದು ಕೇಸಾ? ಬೇರೆ ಯಾರಿಗಾದ್ರೂ ವಹಿಸಿಬಿಡಿ. ಇಲ್ಲ, ವಾಯಿದೆಗೆ ಹೋಗಬೇಡಿ, ತಾನಾಗಿ ಬಿದ್ದುಹೋಗುತ್ತೆ. ಅಕ್ಕಾ, ನೀವಾದ್ರೂ ಹೇಳಿ."

ಹೆಂಡತಿ ಬಡಿಸುತ್ತಿದ್ದ ಕೈ ನಿಲ್ಲಿಸಿದಳು. ಗಂಡನ ಕಡೆ ನೋಡಿದಳು. ಆಮೇಲೆ ನಗುಮುಖದಣ್ಣನ ಕಡೆ ತಿರುಗಿ ಕೇಳಿದಳು, "ಅಣ್ಣಾ, ಕೇಸು ಬಿಡೋದು ಇರಲಿ. ಆ ಟೈಲರುಗಳು ಇಲ್ಲಿ ಬಂದು ಕೂತಿದ್ರೆ ಏನು ಹೇಳ್ತಿದ್ರು? ಅದನ್ನ ಒಂದು ಸಲ ಹೇಳಿ, ನೋಡೋಣ."

"ಅವರೇನು ಹೇಳ್ತಾರಕ್ಕ? ಕೂತು ಹೊಲೀತಾರೆ. ಅವರಿಗೇನು ಮಾತಿರುತ್ತೆ?"

"ಯೋಚನೆ ಮಾಡಿ ಹೇಳಿ. ಅವಸರ ಇಲ್ಲ."

ನಗುಮುಖದಣ್ಣ ಸೂರು ನೋಡಿದ, ತಟ್ಟೆ ನೋಡಿದ. "ಏನೋ... ಜಾಗ ಬೇಕು ಅಂತಾರೆ" ಅಂದ. ಅಷ್ಟಕ್ಕೇ ನಿಲ್ಲಿಸಿ ಮತ್ತೆ ತಟ್ಟೆಗೆ ಕೈ ಹಾಕಿದ.

ಮೇಜಿನ ತುದಿಯಲ್ಲಿ ಬಟಾಣಿ ಬಿಡಿಸುತ್ತಿದ್ದ ತಾಯಿ ತಲೆ ಎತ್ತದೆಯೇ ಹೇಳಿದರು, "ಹಾಗಾದ್ರೆ ಪಾತ್ರೆ ತೊಳೀಪ್ಪ."

"ಏನಮ್ಮಾ?"

"ಈ ಮನೇಲಿ ಹಾಗೇ. ಎದುರಿನವರ ಮಾತು ಹೇಳೋಕೆ ಬರದೋರು ಪಾತ್ರೆ ತೊಳೀಬೇಕು."

ಬೇರೆಯವರಾಗಿದ್ದರೆ ಎದ್ದು ಹೋಗುತ್ತಿದ್ದರು. ನಗುಮುಖದಣ್ಣ ರಾಜಕೀಯದವನು. ಒಂದು ಗಳಿಗೆ ಯೋಚಿಸಿ, ಅಂಗಿಯ ತೋಳು ಮಡಚಿ, ಸಿಂಕಿನ ಮುಂದೆ ನಿಂತ. ಹೊರಗಿದ್ದ ಡ್ರೈವರನ್ನು ಕೂಗಿ ಕರೆದು, "ಒಂದು ಫೋಟೋ ತೆಗಿ" ಅಂದ. ಎರಡು ಲೋಟ ತೊಳೆದು ನಮಸ್ಕಾರ ಹೇಳಿ ಹೊರಟ.

ಫೋಟೋ ಪೇಪರಿನಲ್ಲಿ ಬಂತು. 'ಸರಳತೆಯ ನಾಯಕ' ಅಂತ ಕೆಳಗೆ ಹಾಕಿದ್ದರು. ತಾಯಿ ಕನ್ನಡಕ ಹಾಕಿಕೊಂಡು ನೋಡಿ, "ಸೋಪೇ ಹಾಕಿಲ್ಲ ನೋಡು" ಅಂದರು.

ಅವನು ಬಂದು ಹೋದ ದಿನ ಗಂಡ ಹೆಂಡತಿ ಇಬ್ಬರೂ ಸೇರಿ ಉಳಿದ ಪಾತ್ರೆ ತೊಳೆದರು. ಅವಳು ಉಜ್ಜಿದಳು, ಅವರು ಒರೆಸಿದರು.

"ನೀವು ಹೇಳಿದ್ದೇ ಸರಿ" ಅಂದಳು ಅವಳು. "ಅವನ ಪಕ್ಕದಲ್ಲಿ ಕೂರಬೇಡಿ. ಆದರೆ ಆ ಹೆಂಗಸರ ಕೆಲಸ?"

"ನೀನು ಹೇಳಿದ್ದೂ ಸರಿ. ಅದಕ್ಕೆ ಕುರ್ಚಿ ಬೇಕೇ ಬೇಕಾ?"

ಅವಳು ತೊಳೆದ ತಟ್ಟೆಯನ್ನೇ ಇನ್ನೊಂದು ಸಲ ಉಜ್ಜಿದಳು.

ಮರುದಿನ ಅವಳು ಆರೋಗ್ಯ ಕೇಂದ್ರಕ್ಕೆ ಹೋದಳು. ಜಗಳಕ್ಕೆ ಬಂದಳು ಅಂದುಕೊಂಡು ಡಾಕ್ಟರಮ್ಮ ಮುಖ ಗಂಟು ಹಾಕಿಕೊಂಡಳು. ಇವಳು ಶುರುಮಾಡಿದ್ದೇ, "ನೀವು ಬೇಗ ಬಾಗಿಲು ಹಾಕೋಕೆ ಏನೋ ಕಾರಣ ಇರುತ್ತೆ, ಅದು ಹೇಳಿ" ಅಂತ. ಡಾಕ್ಟರಮ್ಮನ ಊರಿಗೆ ಹೋಗುವ ಕೊನೆಯ ಬಸ್ಸು ಆ ಹೊತ್ತಿಗೇ ಹೊರಡುತ್ತಿತ್ತು. ತಪ್ಪಿದರೆ ಮನೆಗೆ ಹೋಗುವ ದಾರಿಯೇ ಇರಲಿಲ್ಲ.

ಅಲ್ಲಿಂದ ಬಸ್ ಡಿಪೋಗೆ ಹೋದಳು. "ನಿಮ್ಮ ಕಷ್ಟ ನಾನೇ ಹೇಳ್ತೀನಿ, ತಪ್ಪಿದ್ರೆ ತಿದ್ದಿ" ಅಂದಳು. "ತಡವಾಗಿ ಬಸ್ಸು ಬಿಟ್ರೆ ಜನ ಇರಲ್ಲ, ಖಾಲಿ ಓಡಿಸಿದ್ರೆ ಮೇಲಿನವರು ನಿಮ್ಮನ್ನ ಬೈತಾರೆ." ಡಿಪೋ ಮೇನೇಜರ್ ಟೀ ತರಿಸಿದ. ಇಷ್ಟು ವರ್ಷದಲ್ಲಿ ಅವನ ಕಷ್ಟವನ್ನು ಅವನಿಗೇ ಬಂದು ಹೇಳಿದವರು ಯಾರೂ ಇರಲಿಲ್ಲ. "ಕಾರ್ಖಾನೆ ಹೆಂಗಸರೆಲ್ಲ ಬಸ್ಸಿಲ್ಲದೆ ಅದೇ ದಾರೀಲಿ ನಡೆದು ಹೋಗ್ತಿದ್ದಾರೆ" ಅಂತ ಇವಳು ಆಮೇಲೆ ಹೇಳಿದಳು. ಅದು ಅವನಿಗೆ ಗೊತ್ತೇ ಇರಲಿಲ್ಲ.

ಒಂದೇ ಸಲಕ್ಕೆ ಆಗಲಿಲ್ಲ. ಡಿಪೋಗೆ ಓಡಾಡಿ ಅವಳ ಚಪ್ಪಲಿ ಸವೆಯಿತು. ಚುನಾವಣೆ ಬಂತು, ಹೋಯಿತು. ನಗುಮುಖದಣ್ಣನ ತಂಗಿಯ ಮಗ ಗೆದ್ದ. ಟೈಲರುಗಳ ಕೇಸು ಇನ್ನೂ ನಡೆಯುತ್ತಿದೆ, ತಡೆಯಾಜ್ಞೆಯೂ ಇದೆ, ಮೊಗಸಾಲೆಯಲ್ಲಿ ಮಿಷನ್ನುಗಳೂ ಓಡುತ್ತಿವೆ. ಬಸ್ಸು ಮಾತ್ರ ಈಗ ತಡವಾಗಿ ಹೊರಡುತ್ತದೆ. ಕಾರ್ಖಾನೆಯ ಹೆಂಗಸರು ಮಕ್ಕಳನ್ನು ತೋರಿಸಿಕೊಂಡು, ಡಾಕ್ಟರಮ್ಮನ ಜೊತೆಗೇ ಬಸ್ಸು ಹತ್ತುತ್ತಾರೆ.

ಅಲ್ಲಿಂದ ಮುಂದೆ ಔಷಧಿ ಅಂಗಡಿಯ ಬೆಂಚು ಖಾಲಿಯಾದದ್ದಿಲ್ಲ. ಚರಂಡಿಯವರು, ಬೀದಿದೀಪದವರು, ಗಂಡನ ಮೇಲೆ ಸಿಟ್ಟಾದವರು, ಹೆಂಡತಿಯ ಮೇಲೆ ಸಿಟ್ಟಾದವರು. "ನಿಮ್ಮದು ಆಮೇಲೆ ಹೇಳಿ" ಅಂತ ಅವಳು ಕೈ ಎತ್ತುವುದನ್ನು ಬೀದಿಯ ಈ ತುದಿಯಿಂದಲೇ ನೋಡಬಹುದು.

ಮೊನ್ನೆ ಊಟದ ಹೊತ್ತಿಗೆ ವಕೀಲರೇ ಅನ್ನ ಮಾಡಿದ್ದರು. ತಳ ಹಿಡಿದಿರಲಿಲ್ಲ. ಮಗಳು ಮೊದಲ ತುತ್ತು ತಿಂದು, "ಪರವಾಗಿಲ್ಲಪ್ಪ, ತೀರ್ಪು ನಿನ್ನ ಕಡೆಗೇ" ಅಂದಳು. ಮೇಜಿನ ಮೇಲೆ ಮುಚ್ಚಳ ಮುಚ್ಚಿದ ತಟ್ಟೆ ಒಂದಿತ್ತು. ತಾಯಿ ಅದನ್ನೇ ನೋಡುತ್ತಿದ್ದರು.

"ಏನಮ್ಮ, ಹಾಗೆ ನೋಡ್ತೀಯ?" ಅಂದರು ವಕೀಲರು.

"ಇಷ್ಟು ವರ್ಷ ಅವನ ಹತ್ರ ಏನು ಕೇಳ್ತಿದ್ದೆ ಅಂತ ಕೇಳಿದೆಯಲ್ಲ, ಈಗ ಹೇಳ್ತೀನಿ. ನನ್ನ ಮಗ ಊಟದ ಹೊತ್ತಿಗೆ ಮನೇಲಿರಲಿ ಅಂತ ಕೇಳ್ತಿದ್ದೆ. ಕೊಟ್ಟ."

ಬೀದಿಯಲ್ಲಿ ಸೊಸೆಯ ದನಿ ಕೇಳಿಸಿತು. ಯಾರಿಗೋ ಇನ್ನೂ ಏನನ್ನೋ ಹೇಳುತ್ತಾ ಬರುತ್ತಿದ್ದಳು. ತಾಯಿ ಮುಚ್ಚಳ ಎತ್ತಿ, ಅನ್ನ ಇನ್ನೂ ಬಿಸಿ ಇದೆಯೇ ಅಂತ ಬೆರಳಲ್ಲಿ ಮುಟ್ಟಿ ನೋಡಿ, ಮತ್ತೆ ಮುಚ್ಚಿದರು.

"ಸೊಸೆ ವಿಷಯ ಅವನಿಗೆ ಹೇಳೋದು ಮರೆತಿದ್ದೆ."